ಲೈಪೋಸೋಮಿನ ಪಾಲಿಮರ್ ಕೋಟು ಮತ್ತು ರಕ್ತದ ಪ್ರೋಟೀನು: ಪದೇ ಪದೇ ಕೇಳುವ ಪ್ರಶ್ನೆಗಳು

ಔಷಧಿ ಹೊತ್ತು ಸಾಗುವ ಲೈಪೋಸೋಮುಗಳ ಮಾತು ಬಂದಾಗಲೆಲ್ಲ ಸುತ್ತಿ ಬಳಸಿ ಅವೇ ಪ್ರಶ್ನೆಗಳು ಎದುರಾಗುತ್ತವೆ. ಕೆಲವನ್ನು ಕೇಳುವವರು ಫಾರ್ಮಸಿ ಓದುತ್ತಿರುವವರು. ಕೆಲವನ್ನು ಕೇಳುವವರು ಮನೆಯಲ್ಲಿ ಯಾರಿಗೋ ಕೀಮೋ ನಡೆಯುತ್ತಿರುವವರು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ನಿಮಗೆ ಬೇಕಾದದ್ದಕ್ಕೆ ನೇರವಾಗಿ ಹೋಗಿ. ಡೋಸು, ಡ್ರಿಪ್ಪಿನ ವಿಚಾರ ಮಾತ್ರ ನಿಮ್ಮ ಡಾಕ್ಟರ ಹತ್ತಿರವೇ ಕೇಳಬೇಕು.

## ಶುರುವಿನ ಪ್ರಶ್ನೆಗಳು

ಲೈಪೋಸೋಮ್ ಅಂದ್ರೆ ಏನು? ಮಾತ್ರೆಯಾ, ಕ್ಯಾಪ್ಸೂಲಾ?

ಎರಡೂ ಅಲ್ಲ. ಅದೊಂದು ತೀರಾ ಚಿಕ್ಕ ಗುಳ್ಳೆ. ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳನ್ನು ನೀರಿಗೆ ಹಾಕಿದರೆ ಅವು ತಾವಾಗಿಯೇ ಸೇರಿ ಈ ಗುಳ್ಳೆ ಕಟ್ಟಿಕೊಳ್ಳುತ್ತವೆ. ಈ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಆಗದು. ಹಾಗಾಗಿ ಬಾಲಗಳು ಒಂದಕ್ಕೊಂದು ಎದುರಾಗಿ ಒಳಗೆ ಅಡಗುತ್ತವೆ, ತಲೆಗಳು ಎರಡೂ ಕಡೆ ನೀರಿಗೆ ಮುಖ ಮಾಡುತ್ತವೆ. ಹೀಗೆ ಎರಡು ಪದರದ ಗೋಡೆ ಏಳುತ್ತದೆ. ನಮ್ಮ ಜೀವಕೋಶದ ಹೊರ ಪೊರೆಯೂ ಇದೇ ಕಟ್ಟಡ. ನೀರಿನಲ್ಲಿ ಕರಗುವ ಔಷಧಿ ಗುಳ್ಳೆಯ ಹೊಟ್ಟೆಯಲ್ಲಿ ಕೂರುತ್ತದೆ, ಕೊಬ್ಬಿನಲ್ಲಿ ಕರಗುವ ಔಷಧಿ ಗೋಡೆಯಲ್ಲೇ ಸೇರಿಕೊಳ್ಳುತ್ತದೆ.

1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಬಾಬ್ರಹಾಮ್ ಸಂಸ್ಥೆಯಲ್ಲಿ ಅಲೆಕ್ ಬ್ಯಾಂಗಮ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇವನ್ನು ಕಂಡು ವಿವರಿಸಿದರು. ರಕ್ತಕ್ಕೆ ಬಿಡುವ ಲೈಪೋಸೋಮಿನ ಅಗಲ ಸಾಮಾನ್ಯವಾಗಿ 100 ನ್ಯಾನೋಮೀಟರ್ ಆಸುಪಾಸು. ಒಂದು ತಲೆಗೂದಲಿನ ಅಡ್ಡಕ್ಕೆ ಇಂಥವನ್ನು 500ಕ್ಕೂ ಜಾಸ್ತಿ ಸಾಲಾಗಿ ಇಡಬಹುದು.

ಗುಳ್ಳೆ ಒಂದೇ ಸಾಕಲ್ವಾ? ಅದರ ಮೇಲೆ ಇನ್ನೊಂದು ಕೋಟು ಯಾಕೆ?

ಬರಿ ಗುಳ್ಳೆಯನ್ನು ರಕ್ತಕ್ಕೆ ಬಿಟ್ಟರೆ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. ರಕ್ತದಲ್ಲಿರುವ ಕೆಲವು ಪ್ರೋಟೀನುಗಳು ಬಂದು ಅಂಟಿಕೊಳ್ಳುತ್ತವೆ. ಅಂಟಿದ್ದನ್ನು ಕಂಡ ಕೂಡಲೇ ಲಿವರ್ ಮತ್ತು ಗುಲ್ಮದಲ್ಲಿ (ಸ್ಪ್ಲೀನ್) ಇರುವ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಗುಳ್ಳೆಯನ್ನು ನುಂಗುತ್ತವೆ. ಬ್ಯಾಕ್ಟೀರಿಯಾ ಬಂದರೂ ಅವು ಮಾಡುವುದು ಇದನ್ನೇ. ಪಾಪ, ಅವುಗಳ ತಪ್ಪೇನಿಲ್ಲ.

ಹೀಗೆ ಗುರುತು ಹಾಕುವ ಪ್ರೋಟೀನುಗಳಿಗೆ ಆಪ್ಸೋನಿನ್ ಎಂದು ಹೆಸರು. 1903ರಲ್ಲಿ ಲಂಡನ್ನಿನಲ್ಲಿ ಆಲ್‌ಮ್ರೋತ್ ರೈಟ್ ಮತ್ತು ಸ್ಟೂವರ್ಟ್ ಡಗ್ಲಸ್ ಇಟ್ಟ ಹೆಸರು ಇದು. ಮೂಲ ಗ್ರೀಕ್ ಪದಕ್ಕೆ ರೊಟ್ಟಿಯ ಜೊತೆ ನೆಂಚಿಕೊಳ್ಳುವ ಪದಾರ್ಥ ಎಂಬ ಅರ್ಥವಿದೆ. ನಮಗಂತೂ ಇದಕ್ಕೆ ವಿವರಣೆಯೇ ಬೇಡ: ಉಪ್ಪಿನಕಾಯಿ ಇದ್ದರೆ ಸಪ್ಪೆ ಮೊಸರನ್ನವೂ ಸಲೀಸಾಗಿ ಇಳಿಯುತ್ತದೆ. ಆಪ್ಸೋನಿನ್ ಅಂಟಿದ ಗುಳ್ಳೆ ಮ್ಯಾಕ್ರೋಫೇಜಿಗೆ ಹಾಗೆ. ಈ ಉಪ್ಪಿನಕಾಯಿ ಸುಲಭವಾಗಿ ಮೆತ್ತಿಕೊಳ್ಳದಿರಲಿ ಎಂದೇ ಪಾಲಿಮರ್ ಕೋಟು.

ಪಾಲಿಮರ್ ಅಂದ್ರೆ ಪ್ಲಾಸ್ಟಿಕ್ ಅಲ್ವಾ? ರಕ್ತಕ್ಕೆ ಪ್ಲಾಸ್ಟಿಕ್ ಹಾಕ್ತಾರಾ?

ಒಂದೇ ತರದ ಕೊಂಡಿಗಳು ಸರಪಳಿಯಾದರೆ ಅದು ಪಾಲಿಮರ್. ಪ್ಲಾಸ್ಟಿಕ್ ಕೂಡ ಪಾಲಿಮರ್, ಅಕ್ಕಿಯ ಗಂಜಿಯಲ್ಲಿರುವ ಪಿಷ್ಟವೂ ಪಾಲಿಮರ್. ಲೈಪೋಸೋಮಿಗೆ ಹೆಚ್ಚಾಗಿ ಬಳಸುವುದು ಪಾಲಿಎಥಿಲೀನ್ ಗ್ಲೈಕಾಲ್. ಲ್ಯಾಬುಗಳಲ್ಲಿ ಎಲ್ಲರೂ ಇದನ್ನು ಪೆಗ್ ಎನ್ನುತ್ತಾರೆ. ಬಾರಿನ ಪೆಗ್ಗಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ತರಗತಿಯಲ್ಲಿ ಈ ಜೋಕು ಪ್ರತಿ ವರ್ಷವೂ ಬರುತ್ತದೆ.

ಪೆಗ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಕೊಲೊನೋಸ್ಕೋಪಿಗೆ ಮುಂಚೆ ಹೊಟ್ಟೆ ತೊಳೆಯಲು ಕುಡಿಸುವ ಪುಡಿಯಲ್ಲೂ ಅನೇಕ ಮುಲಾಮುಗಳಲ್ಲೂ ಇದೇ ಇರುತ್ತದೆ. 1970ರ ದಶಕದಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಡೇವಿಸ್ ಮತ್ತು ಜೊತೆಗಾರರು ಇದನ್ನು ಪ್ರೋಟೀನ್ ಔಷಧಿಗಳಿಗೆ ಜೋಡಿಸಿ ನೋಡಿದರು. 1990ರ ಹೊತ್ತಿಗೆ ಬೇರೆ ಬೇರೆ ಗುಂಪುಗಳು ಇದನ್ನೇ ಲೈಪೋಸೋಮಿನ ಮೇಲೆ ಕೂರಿಸಿದವು. ಕೂರಿಸುವುದು ಎಂದರೆ ಬಣ್ಣ ಬಳಿದಂತೆ ಅಲ್ಲ. ಪೆಗ್ ಸರಪಳಿಯ ಒಂದು ತುದಿಗೆ ಲಿಪಿಡ್ ಅಣುವನ್ನು ಕಟ್ಟುತ್ತಾರೆ. ಆ ಲಿಪಿಡ್ ಗೋಡೆಯಲ್ಲಿ ನಾಟಿಕೊಳ್ಳುತ್ತದೆ, ಸರಪಳಿ ಹೊರಗೆ ನೀರಿನಲ್ಲಿ ಬಳುಕುತ್ತಿರುತ್ತದೆ.

ಅಮ್ಮನಿಗೆ ಕೆಂಪು ಔಷಧಿ ಬದಲು 'ಲೈಪೋಸೋಮಲ್' ಅಂತ ಬರೆದಿದ್ದಾರೆ. ಏನು ವ್ಯತ್ಯಾಸ?

ಕೆಂಪು ಔಷಧಿ ಎಂದರೆ ಸಾಮಾನ್ಯವಾಗಿ ಡಾಕ್ಸೊರುಬಿಸಿನ್. ಕ್ಯಾನ್ಸರಿಗೆ ಒಳ್ಳೆಯ ಔಷಧಿ, ಆದರೆ ಹೃದಯದ ಸ್ನಾಯುವಿಗೆ ಪೆಟ್ಟು ಕೊಡುತ್ತದೆ. ಅದನ್ನೇ ಪೆಗ್ ಕೋಟಿನ ಲೈಪೋಸೋಮಿನಲ್ಲಿ ತುಂಬಿದ್ದು ಡಾಕ್ಸಿಲ್. ಜೆರುಸಲೇಮಿನ ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಮತ್ತು ಆಲ್ಬರ್ಟೊ ಗ್ಯಾಬಿಜಾನ್ ಇದರ ಹಿಂದಿನ ಮುಖ್ಯ ಹೆಸರುಗಳು. ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದೊಂದು ಗುಳ್ಳೆಯೊಳಗೂ ಹತ್ತು ಸಾವಿರದಷ್ಟು ಔಷಧಿ ಅಣುಗಳು ಹರಳುಗಟ್ಟಿ ಕೂತಿರುತ್ತವೆ.

ಬರಿ ಡಾಕ್ಸೊರುಬಿಸಿನ್ ಕೆಲವೇ ನಿಮಿಷದಲ್ಲಿ ರಕ್ತ ಬಿಟ್ಟು ಮೈಯೆಲ್ಲ ಹರಡುತ್ತದೆ. ಕೋಟಿನ ಗುಳ್ಳೆಯಲ್ಲಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 55 ಗಂಟೆ ಬೇಕು. ಇದರಿಂದ ಹೃದಯದ ಮೇಲಿನ ಹೊರೆ ಕಮ್ಮಿಯಾಗುತ್ತದೆ. ಆದರೆ ಯಾವುದೂ ಪುಕ್ಕಟೆ ಅಲ್ಲ. ಅಷ್ಟು ಹೊತ್ತು ಸುತ್ತುವ ಗುಳ್ಳೆ ಅಂಗೈ, ಅಂಗಾಲಿನ ಚರ್ಮಕ್ಕೂ ನುಸುಳುತ್ತದೆ. ಅಲ್ಲಿ ಕೆಂಪಾಗಿ, ಉರಿದು, ಸಿಪ್ಪೆ ಏಳಬಹುದು. ಹೀಗಾದರೆ ಮುಚ್ಚಿಟ್ಟುಕೊಳ್ಳದೆ ಡಾಕ್ಟರಿಗೆ ಹೇಳಿ, ಡೋಸು ಅಥವಾ ಅಂತರ ಬದಲಿಸುತ್ತಾರೆ. ಇನ್ನೊಂದು ಮಾತು: ಹೆಸರು ಹತ್ತಿರವಿದೆ ಎಂದು ಎರಡನ್ನೂ ಅದಲು ಬದಲು ಮಾಡುವಂತಿಲ್ಲ. ಇವುಗಳ ಡೋಸಿನ ಲೆಕ್ಕವೇ ಬೇರೆ.

ನಮ್ಮ ದೇಶದ ಜೆನೆರಿಕ್ ಅದೇ ಕೆಲಸ ಮಾಡುತ್ತಾ?

2011ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್‌ಗೆ ದೊಡ್ಡ ಅಭಾವ ಬಂತು. 2012ರ ಫೆಬ್ರವರಿಯಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಭಾರತದ ಸನ್ ಫಾರ್ಮಾದ ಲಿಪೊಡಾಕ್ಸ್ ತರಿಸಿಕೊಳ್ಳಲು ತಾತ್ಕಾಲಿಕವಾಗಿ ಬಿಟ್ಟಿತು. ಮರುವರ್ಷ ಅದೇ ಕಂಪನಿಯ ಜೆನೆರಿಕ್‌ಗೆ ಪೂರ್ಣ ಒಪ್ಪಿಗೆ ಕೊಟ್ಟಿತು. ಲೈಪೋಸೋಮಿನ ಜೆನೆರಿಕ್ ಮಾಡುವುದು ಮಾತ್ರ ಪ್ಯಾರಾಸಿಟಮಾಲ್ ಮಾಡಿದಷ್ಟು ಸುಲಭವಲ್ಲ. ಔಷಧಿ ಒಂದೇ ಇದ್ದರೆ ಸಾಲದು. ಲಿಪಿಡ್‌ಗಳ ಪ್ರಮಾಣ, ಗುಳ್ಳೆಯ ಗಾತ್ರ, ಒಳಗಿನ ಹರಳಿನ ಸ್ಥಿತಿ, ಮೇಲಿನ ಪೆಗ್ ಪದರ, ಇವೆಲ್ಲ ಮೂಲದಂತೆಯೇ ಇವೆ ಎಂದು ತೋರಿಸಬೇಕು.

ಕೋವಿಡ್ ಟೈಮಲ್ಲಿ ಕಪ್ಪು ಶಿಲೀಂಧ್ರಕ್ಕೆ ಕೊಟ್ಟ ಲೈಪೋಸೋಮ್ ಇಂಜೆಕ್ಷನ್ನಿಗೂ ಈ ಕೋಟು ಇತ್ತಾ?

ಇರಲಿಲ್ಲ. 2021ರಲ್ಲಿ ಜನ ಊರೂರು ಅಲೆದು ಹುಡುಕಿದ ಲೈಪೋಸೋಮಲ್ ಆಂಫೋಟೆರಿಸಿನ್ ಬಿ ಪೆಗ್ ಇಲ್ಲದ ಗುಳ್ಳೆ. ಚಿಕ್ಕದು, ಗೋಡೆ ಗಟ್ಟಿ, ಔಷಧಿ ಗೋಡೆಯೊಳಗೇ ಕೊಲೆಸ್ಟ್ರಾಲ್ ಜೊತೆ ಬಿಗಿಯಾಗಿ ಕೂತಿರುತ್ತದೆ.

ಇದೇ ಔಷಧಿಯನ್ನು ಬಿಹಾರದಲ್ಲಿ ಕಾಲಾ ಅಜಾರ್‌ಗೆ ಕೊಡುತ್ತಾರೆ. ಅಲ್ಲಿನ ಕತೆ ನನಗೆ ಬಹಳ ಇಷ್ಟ. ಕಾಲಾ ಅಜಾರಿನ ಪರಾವಲಂಬಿ ಅಡಗುವುದೇ ಲಿವರ್ ಮತ್ತು ಗುಲ್ಮದ ಮ್ಯಾಕ್ರೋಫೇಜುಗಳ ಒಳಗೆ. ಅಂದರೆ ಇಲ್ಲಿ ಗುಳ್ಳೆಯನ್ನು ಮ್ಯಾಕ್ರೋಫೇಜ್ ನುಂಗಲಿ ಎಂಬುದೇ ನಮ್ಮ ಆಸೆ. ಕಳ್ಳನ ಮನೆಗೇ ಔಷಧಿ ತಲುಪುತ್ತದೆ. ಮುಜಫರ್‌ಪುರದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಒಂದು ಡ್ರಿಪ್ಪಿನಲ್ಲಿ, ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ಕೊಟ್ಟಾಗ, ಆರು ತಿಂಗಳ ನಂತರವೂ ಸುಮಾರು 96% ಜನ ಗುಣವಾಗಿಯೇ ಇದ್ದರು.

## ರಕ್ತದೊಳಗೆ ಏನಾಗುತ್ತದೆ

ಕೋಟು ಹಾಕಿದ ಮೇಲೆ ಪ್ರೋಟೀನ್ ಅಂಟೋದೇ ಇಲ್ಲ ಅಲ್ವಾ?

ಅಂಟುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು. ಕೋಟಿನ ಲೈಪೋಸೋಮಿಗೆ ಇಟ್ಟ 'ಸ್ಟೆಲ್ತ್' (ಕಣ್ತಪ್ಪಿಸುವ) ಎಂಬ ಹೆಸರು ಮಾಡಿದ ಎಡವಟ್ಟು ಇದು. ರಡಾರಿಗೆ ಕಾಣದ ವಿಮಾನದ ಚಿತ್ರ ತಲೆಗೆ ಬರುತ್ತದೆ. ನಿಜಕ್ಕೂ ನಡೆಯುವುದು ಬೇರೆ. ರಕ್ತದ ದ್ರವ ಭಾಗವಾದ ಪ್ಲಾಸ್ಮಾದಲ್ಲಿ ಲೀಟರಿಗೆ 60ರಿಂದ 80 ಗ್ರಾಂ ಪ್ರೋಟೀನ್ ಇದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಲ್ಬುಮಿನ್. ಇಂಥ ಗಿಜಿಗುಡುವ ಜಾಗದಲ್ಲಿ ಯಾವ ಮೇಲ್ಮೈಯೂ ಖಾಲಿ ಉಳಿಯುವುದಿಲ್ಲ.

ಹೀಗೆ ಅಂಟಿದ ಪದರಕ್ಕೆ ಪ್ರೋಟೀನ್ ಕೊರೋನಾ ಎನ್ನುತ್ತಾರೆ. ವೈರಸ್ಸಿಗೂ ಇದಕ್ಕೂ ನಂಟಿಲ್ಲ. ಕೊರೋನಾ ಎಂದರೆ ಲ್ಯಾಟಿನ್ನಿನಲ್ಲಿ ಕಿರೀಟ, ಅಷ್ಟೇ. ಈ ಹೆಸರು ಚಲಾವಣೆಗೆ ಬಂದದ್ದು 2007ರಲ್ಲಿ.

ಹಾಗಾದರೆ ಕೋಟು ಮಾಡುವುದೇನು? ಅಂಟುವ ವೇಗವನ್ನು ತಗ್ಗಿಸುತ್ತದೆ, ಬಹಳ ಸಲ ಮೊತ್ತವನ್ನೂ ತಗ್ಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾರು ಅಂಟಬೇಕು ಎಂಬುದನ್ನು ಬದಲಿಸುತ್ತದೆ. ಕೆಲವು ಪ್ರಯೋಗಗಳಲ್ಲಿ ಅಂಟಿದ ಪ್ರೋಟೀನಿನ ಒಟ್ಟು ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೂ ಗುಳ್ಳೆ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯಿತು.

ಜರ್ಮನಿಯ ಮೈಂಜ್‌ನ ಸಂಶೋಧಕರು 2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಪ್ರಯೋಗ ಪಾಲಿಸ್ಟೈರೀನ್ ಕಣಗಳ ಮೇಲೆ, ಲೈಪೋಸೋಮಿನ ಮೇಲಲ್ಲ. ಪೆಗ್ ಹಾಕಿದ ಕಣಗಳನ್ನು ಪ್ಲಾಸ್ಮಾ ಸೋಕಿಸದೆ ಮ್ಯಾಕ್ರೋಫೇಜುಗಳಿಗೆ ಕೊಟ್ಟಾಗ ಅವು ನುಂಗಿದವು. ಪ್ಲಾಸ್ಮಾದಲ್ಲಿ ಅದ್ದಿ ಕೊಟ್ಟಾಗ ನುಂಗುವುದು ಕಮ್ಮಿಯಾಯಿತು. ಹುಡುಕಿದರೆ, ಪೆಗ್ ಮೇಲೆ ಕ್ಲಸ್ಟರಿನ್ ಎಂಬ ಪ್ರೋಟೀನ್ ಜಾಸ್ತಿ ಅಂಟಿತ್ತು. ಅಂದರೆ ಪೆಗ್ ಒಂದೇ ಕಾವಲಲ್ಲ. ಅದು ಕರೆದು ಕೂರಿಸಿಕೊಂಡ ಪ್ರೋಟೀನೂ ಕಾವಲು. ನನ್ನ ಮಟ್ಟಿಗೆ ಕೋಟನ್ನು ಗೋಡೆ ಎನ್ನುವುದಕ್ಕಿಂತ ಬಾಗಿಲಲ್ಲಿ ನಿಂತು ಆರಿಸಿ ಒಳಬಿಡುವವನು ಎನ್ನುವುದೇ ಸರಿ.

ಮೊದಲು ಯಾವ ಪ್ರೋಟೀನ್ ಬಂದು ಅಂಟುತ್ತೆ?

ಮೊದಲು ಬರುವುದು ಸಂಖ್ಯೆಯಲ್ಲಿ ಜಾಸ್ತಿ ಇರುವವು ಮತ್ತು ವೇಗವಾಗಿ ಚಲಿಸುವವು. ಉಳಿಯುವುದು ಬಿಗಿಯಾಗಿ ಹಿಡಿಯುವವು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರನ್ನು ನೋಡಿದ್ದೀರಲ್ಲ? ರಿಸರ್ವೇಶನ್ ಇದ್ದವರು ಬಂದರೆ ಅವರು ಏಳಲೇಬೇಕು. ಆಲ್ಬುಮಿನ್ ಟವೆಲ್ ಹಾಕಿದ ಗಿರಾಕಿ. ನಿಧಾನಕ್ಕೆ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್, ಕೊಬ್ಬು ಸಾಗಿಸುವ ಅಪೋಲಿಪೋಪ್ರೋಟೀನ್‌ಗಳು, ರೋಗಾಣುಗಳ ಮೇಲೆ ಬೀಳುವ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಬಂದು ಅದನ್ನು ಎಬ್ಬಿಸುತ್ತವೆ.

1962ರಲ್ಲಿ ಲಿಯೊ ವ್ರೋಮನ್ ಇಂಥ ಅದಲು ಬದಲನ್ನು ಗಾಜಿನಂಥ ಮೇಲ್ಮೈಗಳಲ್ಲಿ ಗಮನಿಸಿದರು. ಅದಕ್ಕೆ ವ್ರೋಮನ್ ಪರಿಣಾಮ ಎಂದೇ ಹೆಸರಾಯಿತು. ಅವರು ಡಚ್ ಭಾಷೆಯ ಹೆಸರಾಂತ ಕವಿಯೂ ಹೌದು. ಗಟ್ಟಿಯಾಗಿ ಕೂತ ಪದರವನ್ನು ಗಟ್ಟಿ ಕೊರೋನಾ ಎಂದೂ ಅದರ ಮೇಲೆ ಬಂದು ಹೋಗುತ್ತಿರುವವನ್ನು ಮೆದು ಕೊರೋನಾ ಎಂದೂ ಕರೆಯುತ್ತಾರೆ. ಇವೆರಡರ ನಡುವೆ ಗೆರೆ ಎಳೆದಂಥ ಗಡಿಯೇನೂ ಇಲ್ಲ.

ಪೆಗ್ ಪ್ರೋಟೀನನ್ನು ತಳ್ಳೋದು ಹೇಗೆ? ಕರೆಂಟಾ, ಅಯಸ್ಕಾಂತನಾ?

ಎರಡೂ ಅಲ್ಲ. ಪೆಗ್ ಸರಪಳಿಗೆ ವಿದ್ಯುದಂಶವೇ ಇಲ್ಲ. ಅದರ ಬಂಡವಾಳ ನೀರು ಮತ್ತು ಚಡಪಡಿಕೆ. ಪ್ರತಿ ಕೊಂಡಿಯೂ ಎರಡು ಮೂರು ನೀರಿನ ಅಣುಗಳನ್ನು ಹಿಡಿದುಕೊಂಡಿರುತ್ತದೆ. ಸರಪಳಿ ಒಂದು ಗಳಿಗೆಯೂ ಸುಮ್ನೆ ಇರುವುದಿಲ್ಲ, ಸದಾ ಬಳುಕುತ್ತ ಜಾಗ ಆಕ್ರಮಿಸುತ್ತಿರುತ್ತದೆ. ಪ್ರೋಟೀನ್ ಒಳಗೆ ನುಗ್ಗಬೇಕಾದರೆ ಆ ನೀರನ್ನು ಹಿಂಡಿ ಹೊರಹಾಕಬೇಕು, ಸರಪಳಿಯ ಓಡಾಟವನ್ನೂ ಬಂದ್ ಮಾಡಬೇಕು. ಎರಡಕ್ಕೂ ಶಕ್ತಿ ಖರ್ಚಾಗುತ್ತದೆ. ಹಾಗಾಗಿ ದೊಡ್ಡ ಪ್ರೋಟೀನುಗಳು ಹಿಂದೆ ಸರಿಯುತ್ತವೆ. ಸಣ್ಣವು ಸಂದಿಯಲ್ಲಿ ನುಸುಳಬಹುದು.

ಸರಪಳಿಗಳು ಎಷ್ಟು ಒತ್ತಾಗಿವೆ ಎಂಬುದರ ಮೇಲೆ ಎಲ್ಲ ನಿಂತಿದೆ. ದೂರ ದೂರ ಇದ್ದರೆ ಪ್ರತಿಯೊಂದೂ ಅಣಬೆಯ ಹಾಗೆ ಮುದುಡಿ ಕೂರುತ್ತದೆ, ನಡುವೆ ಬರಿ ನೆಲ ಉಳಿಯುತ್ತದೆ. ಹತ್ತಿರವಿದ್ದರೆ ಭತ್ತದ ಸಸಿಮಡಿಯ ಹಾಗೆ: ಅಕ್ಕಪಕ್ಕದವು ಒತ್ತಿ ಹಿಡಿಯುವುದರಿಂದ ನೆಟ್ಟಗೆ ನಿಲ್ಲುತ್ತವೆ. ಇದನ್ನು ಬ್ರಷ್ ಸ್ಥಿತಿ ಎನ್ನುತ್ತಾರೆ. ಈ ಲೆಕ್ಕಾಚಾರಕ್ಕೆ ಬುನಾದಿ ಹಾಕಿದವರಲ್ಲಿ 1991ರ ನೊಬೆಲ್ ಪಡೆದ ಪಿಯೆರ್ ಗಿಲ್ ದ ಜೆನ್ ಮುಖ್ಯರು.

ಒಂದು ಅಂದಾಜು ಲೆಕ್ಕ ಮಾಡೋಣ. 100 ನ್ಯಾನೋಮೀಟರ್ ಗುಳ್ಳೆಯಲ್ಲಿ ಸುಮಾರು 80,000 ಲಿಪಿಡ್ ಅಣುಗಳು. ನೂರಕ್ಕೆ 5 ಪೆಗ್ ಕಟ್ಟಿದವು ಎಂದರೆ 4,000. ಮೊದಲೇ ಬೆರೆಸಿ ಮಾಡಿದರೆ ಹತ್ತಿರ ಹತ್ತಿರ ಅರ್ಧ ಒಳಮುಖವಾಗಿ ವ್ಯರ್ಥ. ಹೊರಗೆ 2,000 ಚಿಲ್ಲರೆ. ಹೊರ ಮೈ 31,400 ಚದರ ನ್ಯಾನೋಮೀಟರ್. ಒಂದೊಂದರ ಪಾಲಿಗೆ 15ರಷ್ಟು ಚದರ ನ್ಯಾನೋಮೀಟರ್, ಅಂದರೆ ನಡುವಿನ ಅಂತರ 4ರ ಆಸುಪಾಸು. 2000 ಅಣುತೂಕದ ಪೆಗ್ ಸರಪಳಿಯಲ್ಲಿ ಸುಮಾರು 45 ಕೊಂಡಿ, ಬಿಡುಬೀಸಾಗಿ ಬಿಟ್ಟರೆ ಅದು ಸುಮಾರು 3.5 ನ್ಯಾನೋಮೀಟರ್ ತ್ರಿಜ್ಯದ ಉಂಡೆ. ಉಂಡೆಗಳು ಒಂದಕ್ಕೊಂದು ತಗುಲಿ ಒತ್ತತೊಡಗುವ ಹಂತ ಇದೇ. ಡಾಕ್ಸಿಲ್‌ನಲ್ಲಿ ಪೆಗ್ ಲಿಪಿಡ್ ನೂರಕ್ಕೆ 5ರಷ್ಟು ಇರುವುದನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಹಾಗಿದ್ರೆ ಇನ್ನೂ ಜಾಸ್ತಿ ಪೆಗ್ ಹಾಕಿದ್ರೆ ಇನ್ನೂ ಒಳ್ಳೇದಲ್ವಾ?

ಅತಿಯಾದರೆ ಅಮೃತವೂ ವಿಷ. ಪೆಗ್ ಕಟ್ಟಿದ ಲಿಪಿಡ್‌ಗೆ ತಲೆ ಬಲು ದೊಡ್ಡದು. ಅಂಥವು ಸುಮಾರು 10% ದಾಟಿದರೆ ಗೋಡೆ ನಿಲ್ಲುವುದಿಲ್ಲ. ಗುಳ್ಳೆ ಒಡೆದು ತಟ್ಟೆಯಂಥ ಚೂರುಗಳೂ ಸೋಪಿನಲ್ಲಿ ಆಗುವಂಥ ಸಣ್ಣ ಮುದ್ದೆಗಳೂ ಆಗುತ್ತವೆ. ಔಷಧಿ ಹೊರಗೆ.

ಎರಡನೇ ತೊಂದರೆ ಇನ್ನೂ ನಾಜೂಕಿನದು. ಪ್ರೋಟೀನನ್ನು ದೂರ ಇಡುವ ಕೋಟು ಕ್ಯಾನ್ಸರ್ ಕೋಶವನ್ನೂ ದೂರ ಇಡುತ್ತದೆ. ಗುಳ್ಳೆ ಗೆಡ್ಡೆಯ ಹೊಸ್ತಿಲವರೆಗೆ ಹೋಗುತ್ತದೆ, ಕೋಶದೊಳಕ್ಕೆ ಹೋಗುವುದಿಲ್ಲ. ಇದಕ್ಕೆ ಪೆಗ್ ಇಕ್ಕಟ್ಟು ಎಂದೇ ಹೆಸರು. ಹುಳಿ ಜಾಸ್ತಿ ಇರುವ ಜಾಗದಲ್ಲಿ ಅಥವಾ ಗೆಡ್ಡೆಯ ಕಿಣ್ವ ಸಿಕ್ಕಾಗ ಕಳಚಿ ಬೀಳುವ ಪೆಗ್ ಮಾಡಲು ಎಷ್ಟೋ ಲ್ಯಾಬುಗಳು ಹೆಣಗಿವೆ.

ಡ್ರಿಪ್ ಶುರುವಾದ ಐದೇ ನಿಮಿಷಕ್ಕೆ ಮುಖ ಕೆಂಪಾಗಿ ಎದೆ ಬಿಗಿದು ಬೆನ್ನು ನೋವು ಬಂತು. ಮೊದಲನೇ ಸಲವೇ ಅಲರ್ಜಿ ಆಗುತ್ತಾ?

ಒಳ್ಳೆಯ ಪ್ರಶ್ನೆ, ಯಾಕೆಂದರೆ ಮಾಮೂಲಿ ಅಲರ್ಜಿಗೆ ಮೊದಲೇ ಒಮ್ಮೆ ಪರಿಚಯ ಆಗಿರಬೇಕು. ಇಲ್ಲಿ ಬಹಳ ಸಲ ಹಾಗಿರುವುದಿಲ್ಲ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್ ಸರಣಿ ಗುಳ್ಳೆಯನ್ನು ನೋಡಿ ಕೆರಳುತ್ತದೆ. ಒಂದು ತುಂಡಾಗಿ ಇನ್ನೊಂದನ್ನು ತುಂಡರಿಸುತ್ತ ಪಟಾಕಿ ಸರದ ಹಾಗೆ ಸಾಗುತ್ತದೆ. ಆ ತುಂಡುಗಳು ಉರಿಯೂತದ ರಾಸಾಯನಿಕಗಳನ್ನು ಹೊರಡಿಸುತ್ತವೆ. ಹಂಗೇರಿಯ ಯಾನೋಶ್ ಸೆಬೆನಿ ಇದನ್ನು ಹುಸಿ ಅಲರ್ಜಿ ಎಂದು ಬಹಳ ವರ್ಷ ಅಧ್ಯಯನ ಮಾಡಿದವರು.

ಕೋಟಿನ ಲೈಪೋಸೋಮಲ್ ಡಾಕ್ಸೊರುಬಿಸಿನ್ ತೆಗೆದುಕೊಳ್ಳುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಂಥದ್ದು ಆಗುತ್ತದೆ. ಅದಕ್ಕೇ ಡ್ರಿಪ್ಪನ್ನು ನಿಮಿಷಕ್ಕೆ 1 ಮಿಲಿಗ್ರಾಂನಷ್ಟು ನಿಧಾನವಾಗಿ ಶುರು ಮಾಡುತ್ತಾರೆ. ನರ್ಸಮ್ಮ ಪದೇ ಪದೇ ಬಂದು 'ಹೇಗಿದೆ' ಎಂದು ಕೇಳುವುದು ಸುಮ್ನೆ ಅಲ್ಲ. ಏನಾದರೂ ಅನ್ನಿಸಿದ ಕೂಡಲೇ ಹೇಳಿಬಿಡಿ. ಹೆಚ್ಚಿನವರಿಗೆ ನಿಲ್ಲಿಸಿ, ನಿಧಾನ ಮಾಡಿದರೆ ಇಳಿಯುತ್ತದೆ, ಅಪರೂಪಕ್ಕೆ ಜೀವಕ್ಕೇ ಕುತ್ತಾಗುವುದೂ ಉಂಟು.

ಓದುವವರಿಗೆ ಒಂದು ಎಳೆ: ಪೆಗ್ ಕಟ್ಟಿದ ಲಿಪಿಡ್‌ನ ಫಾಸ್ಫೇಟ್ ಮೇಲಿರುವ ಋಣ ವಿದ್ಯುದಂಶಕ್ಕೂ ಇದರಲ್ಲಿ ಪಾಲಿದೆ. ಆ ಅಂಶವನ್ನು ಮೀಥೈಲ್ ಹಾಕಿ ಮುಚ್ಚಿದಾಗ ಕಾಂಪ್ಲಿಮೆಂಟ್ ಕೆರಳುವುದು ನಿಂತಿದ್ದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ.

## ಆಳಕ್ಕೆ ಇಳಿಯುವವರಿಗೆ

ಮೊದಲ ಡೋಸು ಚೆನ್ನಾಗಿ ಸುತ್ತಿತು, ಎರಡನೇದು ಮಾಯವಾಯಿತು. ಇಲಿಯಲ್ಲಿ ನಮ್ಮ ರಿಸಲ್ಟ್ ಹೀಗೆ ಯಾಕೆ?

ನಿಮ್ಮ ತಪ್ಪಲ್ಲ. 2000ದಲ್ಲಿ ನೆದರ್ಲೆಂಡ್ಸಿನ ನೈಮೇಗನ್ ಸಂಶೋಧಕರೂ ಇದನ್ನೇ ಕಂಡರು. ಒಂದು ವಾರ ಬಿಟ್ಟು ಕೊಟ್ಟ ಎರಡನೇ ಡೋಸು ರಕ್ತದಿಂದ ಬೇಗ ಖಾಲಿಯಾಗಿ ಲಿವರ್ ಸೇರಿತ್ತು. ಜಪಾನಿನ ತೊಕುಶಿಮಾದಲ್ಲಿ ಇಶಿದಾ ಮತ್ತು ಕಿವಾದಾ ಕಾರಣ ಬಿಡಿಸಿದರು. ಮೊದಲ ಡೋಸು ಗುಲ್ಮದಲ್ಲಿ ಆಂಟಿಬಾಡಿ ಮಾಡುವ ಬಿ ಕೋಶಗಳನ್ನು ಎಬ್ಬಿಸುತ್ತದೆ. ಅವು ಪೆಗ್ ವಿರುದ್ಧ ಐಜಿಎಂ ಎಂಬ ಜಾತಿಯ ಆಂಟಿಬಾಡಿ ಮಾಡುತ್ತವೆ. ಎರಡನೇ ಡೋಸು ಬಂದಾಗ ಆಂಟಿಬಾಡಿ ಅಂಟಿ, ಕಾಂಪ್ಲಿಮೆಂಟ್ ಕರೆದು, ಲಿವರಿಗೆ ಸಾಗಿಸಿಬಿಡುತ್ತದೆ. ಬಚ್ಚಿಡಲು ಹಾಕಿದ ಕೋಟೇ ಗುರುತಿನ ಚೀಟಿಯಾಯಿತು!

ಸೋಜಿಗವೆಂದರೆ ಕಡಿಮೆ ಡೋಸು ಕೊಟ್ಟಾಗಲೇ ಇದು ಜೋರು, ಹೆಚ್ಚು ಕೊಟ್ಟರೆ ಮಂದ. ಡಾಕ್ಸೊರುಬಿಸಿನ್ ತುಂಬಿದ ಗುಳ್ಳೆಗೆ ಇನ್ನೊಂದು ಅನುಕೂಲ: ಔಷಧಿ ಆ ಬಿ ಕೋಶಗಳನ್ನೇ ಕೊಲ್ಲುತ್ತದೆ. ಹಾಗಾಗಿ ಖಾಲಿ ಗುಳ್ಳೆಯಲ್ಲಿ ಕಂಡದ್ದನ್ನು ಡಾಕ್ಸಿಲ್‌ಗೆ ನೇರ ಅನ್ವಯಿಸಬೇಡಿ. ಡೋಸಿನ ಅಂತರ, ಲಿಪಿಡ್ ಪ್ರಮಾಣ, ಒಳಗಿನ ಔಷಧಿ ಇಷ್ಟನ್ನು ಬರೆಯದ ವರದಿ ಓದಿಯೂ ಪ್ರಯೋಜನವಿಲ್ಲ.

ಕೋವಿಡ್ ಲಸಿಕೆಯಲ್ಲೂ ಪೆಗ್ ಇತ್ತಂತೆ. ಹೌದಾ?

ಫೈಜರ್ ಮತ್ತು ಮಾಡರ್ನಾ ಲಸಿಕೆಗಳಲ್ಲಿ ಇದೆ. ಅವು ಲೈಪೋಸೋಮ್ ಅಲ್ಲ, ಲಿಪಿಡ್ ನ್ಯಾನೋಕಣಗಳು. ಒಳಗೆ ನೀರಿನ ಹೊಟ್ಟೆ ಇಲ್ಲ, ಲಸಿಕೆಯ ಸಂದೇಶ ಹೊತ್ತ ಎಂಆರ್‌ಎನ್‌ಎ ಲಿಪಿಡ್ ಜೊತೆ ಒತ್ತಾಗಿ ತುಂಬಿರುತ್ತದೆ. ಪೆಗ್ ಲಿಪಿಡ್ ನೂರಕ್ಕೆ ಸುಮಾರು 1.5 ಮಾತ್ರ. ಅಮೆರಿಕದಲ್ಲಿರುವ ಮಗನೋ ಮಗಳೋ ಹಾಕಿಸಿಕೊಂಡದ್ದು ಬಹುಶಃ ಇದೇ. ಕರ್ನಾಟಕದಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ಪೆಗ್ ಲಿಪಿಡ್ ಇಲ್ಲ. ಕೋವಿಶೀಲ್ಡ್‌ನಲ್ಲಿ ಪಾಲಿಸಾರ್ಬೇಟ್ 80 ಇದೆ. ಅದರಲ್ಲೂ ಪೆಗ್‌ನಂಥ ತುಂಡು ಸರಪಳಿಗಳಿರುವುದರಿಂದ ದೂರದ ಸಂಬಂಧಿ ಎನ್ನಬಹುದು.

ಪ್ರೋಟೀನ್ ಅಂಟೋದು ಯಾವಾಗಲೂ ಕೆಟ್ಟದ್ದೇನಾ?

ಇಲ್ಲವೇ ಇಲ್ಲ. 2018ರಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ನೋಡಿ. ನರಗಳನ್ನು ಹಾಳು ಮಾಡುವ ಒಂದು ವಂಶವಾಹಿ ಅಮೈಲಾಯ್ಡ್ ಕಾಯಿಲೆಗೆ ಕೊಡುವ ಔಷಧಿ ಅದು, ಇದೂ ಲಿಪಿಡ್ ನ್ಯಾನೋಕಣವೇ. ಅದರ ಪೆಗ್ ಬೇಕೆಂದೇ ಸಡಿಲವಾಗಿ ನೆಟ್ಟದ್ದು. ರಕ್ತ ಸೇರಿದ ಮೇಲೆ ಪೆಗ್ ಕಳಚುತ್ತದೆ, ಖಾಲಿಯಾದ ಜಾಗಕ್ಕೆ ರಕ್ತದ ಅಪೋಲಿಪೋಪ್ರೋಟೀನ್ ಇ ಬಂದು ಕೂರುತ್ತದೆ. ಲಿವರಿನ ಮುಖ್ಯ ಕೋಶಗಳು ಆ ಪ್ರೋಟೀನನ್ನು ಕೊಲೆಸ್ಟ್ರಾಲ್ ಕಣವೆಂದು ಭಾವಿಸಿ ಒಳಗೆ ಎಳೆದುಕೊಳ್ಳುತ್ತವೆ. ವಿಳಾಸ ಬರೆದದ್ದು ಕಂಪನಿಯಲ್ಲ, ರೋಗಿಯ ರಕ್ತವೇ.

ಸಡಿಲವೋ ಬಿಗಿಯೋ ಎಂಬುದನ್ನು ತೀರ್ಮಾನಿಸುವುದು ಬಾಲದ ಉದ್ದ. ಪ್ರಾಣಿಗಳಲ್ಲಿ ಅಳೆದಾಗ 14 ಕಾರ್ಬನ್ ಬಾಲದ ಪೆಗ್ ಲಿಪಿಡ್ ಗಂಟೆಗೆ 45%ಕ್ಕೂ ಮೀರಿ ಕಳಚಿತು. 16 ಕಾರ್ಬನ್ನಿನದು ಗಂಟೆಗೆ 1.3%, 18 ಕಾರ್ಬನ್ನಿನದು ಬರೀ 0.2%. ನಾಲ್ಕು ಕಾರ್ಬನ್ ವ್ಯತ್ಯಾಸಕ್ಕೆ ಇಷ್ಟು! ಡಾಕ್ಸಿಲ್‌ನಲ್ಲಿರುವುದು 18ರ ಬಾಲ.

ಮೇಲೆ ಆಂಟಿಬಾಡಿ ಕಟ್ಟಿಬಿಟ್ರೆ ನೇರ ಗೆಡ್ಡೆಗೇ ಹೋಗಲ್ವಾ?

ಗುಳ್ಳೆಗೆ ಕಣ್ಣಿಲ್ಲ. ರಕ್ತ ಹೋದ ಕಡೆ ಹೋಗುತ್ತದೆ. ಆಂಟಿಬಾಡಿ ಕೆಲಸ ಮಾಡುವುದು ಕೋಶದ ಪಕ್ಕಕ್ಕೆ ಬಂದ ಮೇಲೆ. ಆ ಹೊತ್ತಿಗೆ ಅದರ ಮೇಲೆ ಪ್ರೋಟೀನ್ ಮುಸುಕು ಬಿದ್ದಿರಬಹುದು. 2013ರಲ್ಲಿ ಡಬ್ಲಿನ್ನಿನ ಗುಂಪು ಟ್ರಾನ್ಸ್‌ಫೆರಿನ್ ಎಂಬ ಗುರಿ ತೋರುವ ಪ್ರೋಟೀನ್ ಕಟ್ಟಿದ ಸಿಲಿಕಾ ಕಣಗಳಲ್ಲಿ ಇದನ್ನು ತೋರಿಸಿತು: ಸೀರಮ್ (ಹೆಪ್ಪು ತೆಗೆದ ರಕ್ತದ ತಿಳಿ) ಇಲ್ಲದಾಗ ಗುರಿ ಸರಿಯಾಗಿ ಮುಟ್ಟಿದ ಕಣ ಸೀರಮ್ ಬಂದ ಮೇಲೆ ಗುರಿ ಮರೆಯಿತು. ಇನ್ನೊಂದು ಅಂಕಿಯನ್ನೂ ನೆನಪಿಡಿ. ಟೊರೊಂಟೊದ ಸಂಶೋಧಕರು ಹತ್ತು ವರ್ಷದ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದರು. ಕೊಟ್ಟ ನ್ಯಾನೋಕಣಗಳಲ್ಲಿ ಗೆಡ್ಡೆ ತಲುಪಿದ್ದರ ಮಧ್ಯಾಂಕ 0.7%.

ಪ್ರಾಜೆಕ್ಟಿಗೆ ಕೊರೋನಾ ಅಳೀಬೇಕು. ಸೀರಮ್ ತಗೊಳ್ಳಲಾ, ಪ್ಲಾಸ್ಮಾನಾ?

ನಿಮ್ಮ ಪ್ರಶ್ನೆ ಏನು ಎಂಬುದರ ಮೇಲೆ ಹೋಗುತ್ತದೆ. ಸೀರಮ್‌ನಲ್ಲಿ ಫೈಬ್ರಿನೋಜನ್ ಇರುವುದಿಲ್ಲ, ಹೆಪ್ಪಿನ ಜೊತೆ ಹೋಗಿರುತ್ತದೆ. ಪ್ಲಾಸ್ಮಾ ರಕ್ತಕ್ಕೆ ಹೆಚ್ಚು ಹತ್ತಿರ, ಆದರೆ ಹೆಪ್ಪುಗಟ್ಟದಂತೆ ಏನು ಹಾಕಿದ್ದಾರೆ ಎಂದು ನೋಡಿ. ಇಡಿಟಿಎ ಹಾಕಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಗದೆ ಕಾಂಪ್ಲಿಮೆಂಟ್ ಕೆಲಸ ಮಾಡುವುದಿಲ್ಲ. ಆಮೇಲೆ 'ಕಾಂಪ್ಲಿಮೆಂಟ್ ಕೆರಳಲಿಲ್ಲ' ಎಂದು ಬರೆದರೆ ನಗೆಪಾಟಲು. 10% ಸೀರಮ್‌ನಲ್ಲಿ ಕಂಡದ್ದು ಪೂರ್ತಿ ಪ್ಲಾಸ್ಮಾದಲ್ಲಿ ಕಾಣಬೇಕೆಂದಿಲ್ಲ. ಇಲಿಯ ಪ್ಲಾಸ್ಮಾದ ಕೊರೋನಾ ಮನುಷ್ಯರದ್ದಲ್ಲ.

ಬೇರ್ಪಡಿಸುವುದು ಅಸಲಿ ತಲೆನೋವು. ಚಿನ್ನದ ಕಣವಾದರೆ ಸೆಂಟ್ರಿಫ್ಯೂಜಿನಲ್ಲಿ ತಳಕ್ಕೆ ಕೂರುತ್ತದೆ. ಲೈಪೋಸೋಮ್ ಹಗುರ, ಹಾಗೆ ಕೂರುವುದಿಲ್ಲ. ಹೆಚ್ಚಿನವರು ಗಾತ್ರದ ಮೇಲೆ ಬೇರ್ಪಡಿಸುವ ಕಾಲಮ್ಮಿನಲ್ಲಿ ಇಳಿಸಿ, ಆಮೇಲೆ ಪೊರೆಯಲ್ಲಿ ತೊಳೆಯುತ್ತಾರೆ. ಆದರೆ ರಕ್ತದಲ್ಲೇ ಇರುವ ದೊಡ್ಡ ಕೊಬ್ಬಿನ ಕಣಗಳು, ಎಕ್ಸೋಸೋಮುಗಳು (ಕೋಶಗಳೇ ಹೊರಬಿಡುವ ಸಣ್ಣ ಗುಳ್ಳೆಗಳು) ನಿಮ್ಮ ಗುಳ್ಳೆಯ ಗಾತ್ರದವೇ, ಜೊತೆಗೇ ಇಳಿದು ಬರುತ್ತವೆ. ಲೈಪೋಸೋಮ್ ಹಾಕದ ಬರಿ ಪ್ಲಾಸ್ಮಾವನ್ನೂ ಅದೇ ಕಾಲಮ್ಮಿನಲ್ಲಿ ಹರಿಸಿ ನೋಡದೆ ಪ್ರೋಟೀನುಗಳನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ದುಡ್ಡು ಸುರಿಯಬೇಡಿ. ಫಲಿತಾಂಶವನ್ನು ಲಿಪಿಡ್ ಪ್ರಮಾಣಕ್ಕೆ ಇಷ್ಟು ಪ್ರೋಟೀನ್ ಎಂದೇ ಬರೆಯಿರಿ.

ಸಾಧ್ಯವಾದರೆ ಮೈಯೊಳಗೆ ಸುತ್ತಿ ಬಂದ ಗುಳ್ಳೆಯನ್ನೇ ನೋಡುವುದು ಉತ್ತಮ. ಮ್ಯಾಂಚೆಸ್ಟರಿನ ಗುಂಪು ಮೊದಲು ಇಲಿಗಳಲ್ಲಿ, ಆಮೇಲೆ ಕೇಲಿಕ್ಸ್ ಪಡೆಯುತ್ತಿದ್ದ ಅಂಡಾಶಯ ಕ್ಯಾನ್ಸರಿನ ರೋಗಿಗಳಲ್ಲಿ ಹೀಗೆ ಮಾಡಿ 2019ರಲ್ಲಿ ಪ್ರಕಟಿಸಿತು. ಕೇಲಿಕ್ಸ್ ಎಂದರೆ ಯುರೋಪಿನಲ್ಲಿ ಡಾಕ್ಸಿಲ್‌ನ ಹೆಸರು. ಗುಳ್ಳೆಗೆ ಅಂಟಿ ಬಂದ ಪ್ರೋಟೀನುಗಳಿಂದಲೇ ಕಾಯಿಲೆಯ ಸುಳಿವು ಹುಡುಕಬಹುದೇ ಎಂಬ ಹೊಸ ದಾರಿಯೂ ಅಲ್ಲಿಂದ ಕವಲೊಡೆದಿದೆ.

ಪೆಗ್ ಬದಲಿಗೆ ಬೇರೆ ಏನಿದೆ?

ಪಾಲಿಸಾರ್ಕೋಸಿನ್, ಪಾಲಿಆಕ್ಸಜೋಲಿನ್, ಪಾಲಿಗ್ಲಿಸೆರಾಲ್ ಇವು ಪೆಗ್‌ನ ಹಾಗೆಯೇ ನೀರು ಹಿಡಿಯುವ, ವಿದ್ಯುದಂಶ ಇಲ್ಲದ ಸರಪಳಿಗಳು. ಧನ, ಋಣ ಎರಡನ್ನೂ ಸಮಸಮ ಹೊತ್ತ ಬೀಟೈನ್ ಜಾತಿಯ ಪಾಲಿಮರ್‌ಗಳು ನೀರನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತವೆ. ಪಾಲಿಸಾರ್ಕೋಸಿನ್ ಮೇಲೆ ನನಗೆ ಒಲವು ಜಾಸ್ತಿ, ಯಾಕೆಂದರೆ ಅದರ ಕೊಂಡಿ ಸಾರ್ಕೋಸಿನ್ ನಮ್ಮ ಮೈಯಲ್ಲೇ ಇರುವ ಅಮೈನೋ ಆಮ್ಲ. ಆದರೆ 'ಇದಕ್ಕೆ ಆಂಟಿಬಾಡಿ ಬರುವುದಿಲ್ಲ' ಎಂದು ಯಾರಾದರೂ ಅಂದರೆ ತಕ್ಷಣ ನಂಬಬೇಡಿ. ಪೆಗ್ ಬಗ್ಗೆಯೂ ಮೊದಲು ಹೀಗೇ ಹೇಳುತ್ತಿದ್ದರು.

ಕೋಟೇ ಇಲ್ಲದೆ ರಕ್ತದಲ್ಲಿ ಜಾಸ್ತಿ ಹೊತ್ತು ಇರೋಕೆ ಆಗೋದೇ ಇಲ್ವಾ?

ಆಗುತ್ತದೆ. ರಕ್ತದ ಕ್ಯಾನ್ಸರಿಗೆ ಕೊಡುವ ವಿಕ್ಸಿಯೋಸ್‌ಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸೈಟರಾಬಿನ್ ಮತ್ತು ಡಾನೊರುಬಿಸಿನ್ ಎರಡನ್ನೂ 5ಕ್ಕೆ 1ರಂತೆ ಒಂದೇ ಗುಳ್ಳೆಯಲ್ಲಿ ಹೊತ್ತೊಯ್ಯುತ್ತದೆ. ಪೆಗ್ ಒಂದು ಚೂರೂ ಇಲ್ಲ, ಕೊಲೆಸ್ಟ್ರಾಲ್ ಕೂಡ ತೀರಾ ಕಮ್ಮಿ. ಗಟ್ಟಿ ಬಾಲದ ಲಿಪಿಡ್‌ಗಳನ್ನು ಆರಿಸಿ, ಗಾತ್ರವನ್ನು 100 ನ್ಯಾನೋಮೀಟರ್ ಆಸುಪಾಸು ಹಿಡಿದು ಮಾಡಿದ ಗೋಡೆ ಅದು. ರಕ್ತದಲ್ಲಿ ಅದರ ಎರಡೂ ಔಷಧಿಗಳು ಅರ್ಧಕ್ಕಿಳಿಯಲು ಒಂದು ದಿನಕ್ಕಿಂತ ಹೆಚ್ಚು ಬೇಕು.